ಕೆಮ್ಮಣ್ಣಿನ ಕೆಳಗೆ

ಮೊದಲು ನೋವು ಕಾಣಿಸಿಕೊಂಡದ್ದು ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ. ಮೂಗಿನ ಎಡಪಕ್ಕ, ಕೆನ್ನೆಯ ಒಳಗಿನಿಂದ ಯಾರೋ ಚಿವುಟಿ ಹಿಡಿದು ಬಿಡಲೊಲ್ಲೆ ಎಂದ ಹಾಗೆ. ಸಾಸಿವೆ ಸಿಡಿದಿರಬೇಕು ಎಂದುಕೊಂಡು ಸೆರಗಿನಲ್ಲಿ ಒರೆಸಿಕೊಂಡೆ. ಸಾಸಿವೆ ಸಿಡಿದಿರಲಿಲ್ಲ. ಬಚ್ಚಲುಮನೆಯ ಕನ್ನಡಿಯಲ್ಲಿ ನೋಡಿದರೆ ಮೂಗಿನ ಹೊಳ್ಳೆಯಿಂದ ಮೇಲ್ತುಟಿಯವರೆಗೆ ಚರ್ಮ ಬಿಳಿಚಿಕೊಂಡಿತ್ತು. ಅದರ ಸುತ್ತ ಬಲೆ ಹೆಣೆದ ಹಾಗೆ ನೇರಳೆ ಗೆರೆಗಳು.

ಅವತ್ತು ಮಧ್ಯಾಹ್ನ ನಾನು ಮುಖಕ್ಕೆ ಫಿಲ್ಲರ್ ಹಾಕಿಸಿಕೊಂಡು ಬಂದಿದ್ದೆ.

ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಹೆಸರು ವಸುಧಾ. ಜಯನಗರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ವಯಸ್ಸು ಐವತ್ತರ ಹತ್ತಿರ. ಮನೆ ಯಡಿಯೂರಿನಲ್ಲಿ, ಕೆರೆಯ ಹಿಂದಿನ ರಸ್ತೆ; ಮನೆಯಲ್ಲಿ ನಾನು, ನನ್ನ ಗಂಡ ಶ್ರೀಧರ, ಅವರ ತಾಯಿ. ನನಗೆ ಕಾಯಿಲೆ ಅಂತ ಏನೂ ಇರಲಿಲ್ಲ. ಆದರೆ ಮೂಗಿನಿಂದ ಬಾಯಿಯ ಎರಡೂ ಕಡೆಗೆ ಇಳಿಯುವ ಗೆರೆಗಳು ಆಳವಾಗಿ, ಸುಮ್ಮನೆ ಕೂತರೂ ಈಗಷ್ಟೇ ಅತ್ತು ಎದ್ದವಳ ಹಾಗೆ ಕಾಣುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ದಿನಕ್ಕೊಬ್ಬರು ಕೇಳುತ್ತಿದ್ದರು, "ಯಾಕೆ ಮೇಡಂ, ಹುಷಾರಿಲ್ವಾ?" ಪ್ರಿನ್ಸಿಪಾಲರು ಕೇಳಿದರು, ಕ್ಯಾಂಟೀನಿನವರು ಕೇಳಿದರು. ಹುಷಾರಾಗಿದ್ದೀನಿ ಎಂದು ಹೇಳಿ ಹೇಳಿಯೇ ಸುಸ್ತಾಗುತ್ತಿತ್ತು. ಆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಹೋಗಿ ಹುಷಾರು ತಪ್ಪಿದವಳು ನಾನು. ಬೇಲಿಯ ಮೇಲೆ ತನ್ನಷ್ಟಕ್ಕೆ ಹೋಗುತ್ತಿದ್ದ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಫಿಲ್ಲರ್ ಎಂದರೆ ಒಂದು ಬಗೆಯ ಜೆಲ್. ಅದನ್ನು ಚರ್ಮದ ಕೆಳಗೆ ಇಂಜೆಕ್ಷನ್ ಕೊಟ್ಟು ತುಂಬಿಸಿದರೆ ಗೆರೆ ಎದ್ದು ಸಮವಾಗುತ್ತದೆ. ಜೆ.ಪಿ. ನಗರದಲ್ಲಿ ನಾನು ಹುಬ್ಬು ತಿದ್ದಿಸಲು ಹೋಗುತ್ತಿದ್ದ ಪಾರ್ಲರಿನ ಒಳಗೇ ಗಾಜಿನ ಬಾಗಿಲಿನ ಒಂದು ಕೋಣೆಯಾಗಿತ್ತು, ಬಾಗಿಲ ಮೇಲೆ 'ಸ್ಕಿನ್ ಕ್ಲಿನಿಕ್' ಎಂದು ಬರೆದಿತ್ತು. "ಲಂಚ್ ಟೈಮಲ್ಲಿ ಮುಗಿದುಹೋಗತ್ತೆ ಮೇಡಂ. ಮನೇಲಿ ಯಾರಿಗೂ ಗೊತ್ತೇ ಆಗಲ್ಲ," ಎಂದರು. ಆ ಎರಡನೆಯ ಮಾತೇ ನನಗೆ ಹಿಡಿಸಿದ್ದು. ಬಿಳಿ ಕೋಟು ಹಾಕಿದ್ದವರನ್ನು ಎಲ್ಲರೂ ಡಾಕ್ಟರ್ ಎಂದು ಕರೆಯುತ್ತಿದ್ದರು, ನಾನೂ ಕರೆದೆ. ಏನು ಓದಿದ್ದೀರಿ ಎಂದು ಕೇಳಲಿಲ್ಲ. ಇದು ಯಾವ ಜೆಲ್, ಕರಗುವಂಥದೋ ಕರಗದಿರುವಂಥದೋ ಎಂದು ಕೇಳಲಿಲ್ಲ. ಎಡವಟ್ಟಾದರೆ ಕರಗಿಸುವ ಔಷಧಿ ಇಲ್ಲೇ ಇದೆಯೇ, ಆಗ ಯಾರಿಗೆ ಫೋನ್ ಮಾಡಬೇಕು ಎಂದೂ ಕೇಳಲಿಲ್ಲ. ಗಾಡಿಯವರ ಹತ್ತಿರ ಬೆಂಡೆಕಾಯಿಯ ತುದಿ ಮುರಿದು ನೋಡದೆ ಒಂದು ಹಿಡಿ ಕೂಡ ಕೊಳ್ಳದವಳು ಮುಖ ಕೊಟ್ಟು ಮಲಗಿಬಿಟ್ಟೆ.

ನೋವು ಶುರುವಾದ ಮೇಲೆ ಬಚ್ಚಲುಮನೆಯಿಂದಲೇ ಪಾರ್ಲರಿಗೆ ಫೋನ್ ಮಾಡಿದೆ, ನಲ್ಲಿ ಬಿಟ್ಟುಕೊಂಡು, ಅತ್ತೆಗೆ ಕೇಳದ ಹಾಗೆ. ಡಾಕ್ಟರ್ ಹೊರಟುಹೋಗಿದ್ದರು. ರಿಸೆಪ್ಷನ್ನಿನ ಹುಡುಗಿ, "ಸ್ವೆಲ್ಲಿಂಗ್ ನಾರ್ಮಲ್ ಮೇಡಂ, ಐಸ್ ಇಡಿ," ಎಂದಳು. ಇಟ್ಟೆ. ಆಮೇಲೆ ತಿಳಿದದ್ದು, ಜೆಲ್ ರಕ್ತನಾಳಕ್ಕೆ ನುಗ್ಗಿ ರಕ್ತ ಹರಿಯದೆ ಒದ್ದಾಡುತ್ತಿದ್ದ ಜಾಗಕ್ಕೆ ಬೇಕಿದ್ದದ್ದು ಶಾಖ, ಐಸ್ ಅಲ್ಲ. ರಕ್ತನಾಳ ಮುಚ್ಚಿದರೆ ಅದರಾಚೆಗಿನ ಅಂಗಾಂಶಕ್ಕೆ ಆಮ್ಲಜನಕ ಸಿಗುವುದಿಲ್ಲ, ಅದು ಸಾಯುತ್ತದೆ. ಈ ವಾಕ್ಯವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಬೆಳಿಗ್ಗೆ ಏಳುವ ಹೊತ್ತಿಗೆ ಆ ಜಾಗದಲ್ಲಿ ಕೀವುತುಂಬಿದ ಸಣ್ಣ ಸಣ್ಣ ಗುಳ್ಳೆಗಳೆದ್ದಿದ್ದವು. ಶ್ರೀಧರ ಬ್ಯಾಂಕಿನ ಆಡಿಟ್ ಎಂದು ಹುಬ್ಬಳ್ಳಿಗೆ ಹೋಗಿದ್ದರು. ಅತ್ತೆ ಕಾಫಿ ಲೋಟ ಕೈಗೆ ಕೊಡುತ್ತಾ ನನ್ನ ಮುಖ ನೋಡಿದರು. ಕನ್ನಡಕ ತಂದು ಹಾಕಿಕೊಂಡು ಮತ್ತೆ ನೋಡಿದರು. ನನ್ನ ಅತ್ತೆಗೆ ಎಪ್ಪತ್ತೆಂಟು. ಹುಟ್ಟಿ ಬೆಳೆದದ್ದು ಬಸವನಗುಡಿ, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಡಾಕ್ಟರನ್ನೂ ದೇವರನ್ನೂ ಒಟ್ಟಿಗೇ ನಂಬುವವರು, ಯಾರೊಬ್ಬರಿಗೂ ಅನ್ಯಾಯವಾಗಬಾರದು ಎನ್ನುವ ಹಾಗೆ.

"ಒಂದೇ ಕಡೆ ಎದ್ದಿದೆ ನೋಡು. ಉರಿ ಇದೆಯಾ?"

"ಇದೆ ಅತ್ತೆ."

"ಸರ್ಪಸುತ್ತು ಕಣೆ ಇದು. ಪರೀಕ್ಷೆ ಪೇಪರು ಅಂತ ನಿದ್ದೆ ಕೆಟ್ಟಿದ್ದೀಯಲ್ಲ, ಉಷ್ಣ."

ಆ ಕ್ಷಣಕ್ಕೆ ನನಗಾದದ್ದು ಭಯವಲ್ಲ, ನೆಮ್ಮದಿ. ನಾಚಿಕೆಪಡಬೇಕಾಗಿಲ್ಲದ ಒಂದು ಕಾಯಿಲೆ ಸಿಕ್ಕಿತು ಎನ್ನುವ ನೆಮ್ಮದಿ. ಸರ್ಪಸುತ್ತು ಯಾರಿಗೆ ಬೇಕಾದರೂ ಬರುತ್ತದೆ. ಅದು ಬಂದವರನ್ನು ನೋಡಿ ಯಾರೂ ನಗುವುದಿಲ್ಲ.

"ಇರಬಹುದು ಅತ್ತೆ," ಎಂದೆ.

ಅತ್ತೆ ರಂಗೋಲಿ ಡಬ್ಬಿಯ ಪಕ್ಕದಲ್ಲಿದ್ದ ಕೆಮ್ಮಣ್ಣನ್ನು ತಂದರು. ಹಬ್ಬದ ದಿನ ರಂಗೋಲಿಗೆ ಅಂಚು ಕಟ್ಟುವ ಅದೇ ಮಣ್ಣು. ನೀರಿನಲ್ಲಿ ಕಲಸಿ, ಗುಳ್ಳೆಗಳ ಮೇಲೆಲ್ಲ ಬೆರಳಿನಿಂದ ಹಚ್ಚಿ, ಕೆನ್ನೆಯ ಅಂಚಿಗೆ ಹಾವಿನ ಹೆಡೆಯನ್ನು ಬರೆದರು. ಸುತ್ತಿಕೊಳ್ಳುವ ಸರ್ಪದ ತಲೆ ಬಾಲ ಕೂಡಬಾರದು, ಅದಕ್ಕೆ ಮೊದಲೇ ಹೆಡೆ ಬರೆದು ತಡೆಯಬೇಕು ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. ತಣ್ಣಗೆ ಹಿತವಾಗಿತ್ತು. ಆಮೇಲೆ ದೇವರ ಮುಂದೆ ನಿಂತು, ವಾಸಿಯಾಗುವವರೆಗೆ ಒಪ್ಪೊತ್ತು ಊಟ, ದಿನಾ ಬರಿಗಾಲಿನಲ್ಲಿ ಹೋಗಿ ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುತ್ತೇನೆ ಎಂದು ಹರಕೆ ಹೊತ್ತರು. ಮಂಡಿನೋವಿನಿಂದ ಮೆಟ್ಟಿಲಿಳಿಯಲು ಕೈಹಿಡಿಯಬೇಕಾದ ಹೆಂಗಸು. ಬೇಡಿ ಅತ್ತೆ ಎಂದೆ. ಯಾಕೆ ಬೇಡ ಎಂದು ಹೇಳಲಿಲ್ಲ.

ಆ ಮಣ್ಣು ಮಾಡಿದ ನಿಜವಾದ ಕೆಲಸ ಎಂದರೆ ಕೆಳಗಿನ ಬಣ್ಣವನ್ನು ಮುಚ್ಚಿದ್ದು. ಚರ್ಮ ಬಿಳಿಯಿಂದ ನೇರಳೆಗೆ, ನೇರಳೆಯಿಂದ ಬೂದುಬಣ್ಣಕ್ಕೆ ತಿರುಗಿದ್ದು ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ, ಕಾಣುವುದು ಬೇಕಾಗಿಯೂ ಇರಲಿಲ್ಲ.

ಅತ್ತೆಯ ದೇವರ ಕೆಲಸ ಮುಗಿದ ಮೇಲೆ ಡಾಕ್ಟರ ಸರದಿ. ಬನಶಂಕರಿಯಲ್ಲಿ ನಮ್ಮ ಮನೆಯವರೆಲ್ಲ ಹೋಗುವ ಒಬ್ಬ ಹಿರಿಯ ಡಾಕ್ಟರಿದ್ದಾರೆ. ಅತ್ತೆಯೂ ಜೊತೆಗೆ ಬಂದರು. ಡಾಕ್ಟರು ಮಣ್ಣು ನೋಡಿ ಮುಖ ಗಂಟಿಕ್ಕಿದರು. ಒಂದು ತುದಿಯನ್ನು ಹತ್ತಿಯಿಂದ ಒರೆಸಲು ಹೋದಾಗ ನಾನು ನೋವಿಗೆ ಕಿರುಚಿದೆ, ಅವರು ಬಿಟ್ಟರು.

"ಸರ್ಪಸುತ್ತು ಆಗಿರಬಹುದು. ಆದ್ರೂ ಕೇಳ್ತೀನಿ. ಮುಖಕ್ಕೆ ಏನಾದ್ರೂ ಮಾಡಿಸ್ಕೊಂಡ್ರಾ? ಫೇಶಿಯಲ್ಲು, ಇಂಜೆಕ್ಷನ್ನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಕ್ಕುಬಿಟ್ಟರು. "ನಮ್ಮ ವಸುಧಾನಾ? ಲಿಪ್‌ಸ್ಟಿಕ್ ಕೂಡ ಹಚ್ಚೋಳಲ್ಲ ಡಾಕ್ಟ್ರೇ ಇವಳು."

ಎಂಥ ಹೆಮ್ಮೆ ಇತ್ತು ಆ ಮಾತಿನಲ್ಲಿ.

"ಇಲ್ಲ ಡಾಕ್ಟ್ರೇ," ಎಂದೆ.

ಅವರು ಸರ್ಪಸುತ್ತಿಗೆ ಕೊಡುವ ಮಾತ್ರೆ ಬರೆದರು. ಕಡಿಮೆಯಾಗದಿದ್ದರೆ ನಾಳೆಯೇ ದೊಡ್ಡ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ, ಕಣ್ಣು ಮಂಜಾದರೆ ಈ ಕ್ಷಣವೇ ಹೋಗಿ ಎಂದರು. ಈಗಲೂ ಜನ ಆ ಡಾಕ್ಟರಿಗೆ ಗೊತ್ತಾಗಲಿಲ್ಲವಾ ಎಂದು ಕೇಳುತ್ತಾರೆ. ಅವರು ಕೇಳಬೇಕಾದದ್ದನ್ನು ಕೇಳಿದ್ದರು. ಸುಳ್ಳು ಹೇಳಿದವಳು ನಾನು. ಹೊರಗೆ ಬಂದ ಮೇಲಾದರೂ, ಏನೋ ಮರೆತೆ ಎಂದು ನೆಪ ಮಾಡಿ ಒಬ್ಬಳೇ ಒಳಗೆ ಹೋಗಬಹುದಿತ್ತು. ಅತ್ತೆಯ ತೋಳು ಹಿಡಿದುಕೊಂಡು ಮೆಟ್ಟಿಲಿಳಿದೆ.

ಮನೆಯಲ್ಲಿ ಇನ್ನೊಂದು ಪದರ ಮಣ್ಣು ಬಿತ್ತು.

ಮರುದಿನ ನೋವು ವಸಡಿಗೂ ಇಳಿದಿತ್ತು. ಮೂಗಿನ ತುದಿ ಮುಟ್ಟಿದರೆ ಬೇರೆ ಯಾರದೋ ಮೂಗನ್ನು ಮುಟ್ಟಿದ ಹಾಗಿತ್ತು. ಅದೇ ನನ್ನನ್ನು ಹೆದರಿಸಿದ್ದು. ಹುಬ್ಬಳ್ಳಿಯಿಂದ ಹೊರಟಿದ್ದ ಶ್ರೀಧರ ಇನ್ನೂ ರೈಲಿನಲ್ಲಿದ್ದರು. ಅತ್ತೆಯೇ ಆಟೋ ಹಿಡಿದು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಚರ್ಮರೋಗ ವಿಭಾಗದಲ್ಲಿ ನರ್ಸ್ ಒಬ್ಬರು ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ಮಣ್ಣನ್ನು ನೆನೆಸಿ ನೆನೆಸಿ ತೆಗೆದರು. ಕೆಂಪು ನೀರು ಕುತ್ತಿಗೆಗೆ ಇಳಿಯಿತು. ಕೊನೆಯ ಪದರ ಹೋದಾಗ ನರ್ಸ್ ಕೈ ನಿಲ್ಲಿಸಿ, "ಮೇಡಂ, ಸ್ವಲ್ಪ ಬನ್ನಿ," ಎಂದು ಡಾಕ್ಟರನ್ನು ಕರೆದರು.

ಕೆಳಗೆ ಚರ್ಮ ಕಪ್ಪಾಗಿತ್ತು.

ಡಾಕ್ಟರಿಗೆ ನನಗಿಂತ ಹತ್ತು ವರ್ಷ ಕಡಿಮೆ ಇರಬಹುದು. ಬೆರಳಿನಿಂದ ಒತ್ತಿ, ಬಣ್ಣ ಮರಳುವುದನ್ನು ಕಾದು ನೋಡಿದರು. ಮರಳಲಿಲ್ಲ.

"ಇದು ಹರ್ಪೀಸ್, ಅಂದ್ರೆ ಸರ್ಪಸುತ್ತಿನ ತರ ಕಾಣ್ತಿಲ್ಲ. ಒಂದು ಆರ್ಟರಿ ಬ್ಲಾಕ್ ಆದ ಹಾಗಿದೆ. ಫಿಲ್ಲರ್ ಹಾಕಿಸ್ಕೊಂಡಿದ್ದೀರಾ?"

"ಹಾಗಂದ್ರೆ ಏನಮ್ಮ?" ಅತ್ತೆ ಕೇಳಿದರು. ನನ್ನ ಹಿಂದೆಯೇ ನಿಂತಿದ್ದರು, ಕೈ ನನ್ನ ಭುಜದ ಮೇಲಿತ್ತು.

"ಮುಖದ ಸುಕ್ಕು ತುಂಬ್ಸೋಕೆ ಕೊಡೋ ಇಂಜೆಕ್ಷನ್ ಅಜ್ಜಿ."

"ಇವಳಾ?"

ಡಾಕ್ಟರು ಅತ್ತೆಯ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದರು. "ಹಾಕಿಸ್ಕೊಂಡಿದ್ರೆ ಅದನ್ನ ಕರಗಿಸೋ ಇಂಜೆಕ್ಷನ್ ಈಗ್ಲೇ ಕೊಡ್ತೀನಿ. ತಡ ಆದಷ್ಟೂ ಸ್ಕಿನ್ ಹೋಗತ್ತೆ, ಮೂಗಿನ ಒಂದು ಭಾಗವೂ ಹೋಗಬಹುದು. ಹಾಕಿಸ್ಕೊಂಡಿಲ್ಲ ಅಂದ್ರೆ ಬೇರೆ ದಾರಿ ಹುಡುಕ್ಬೇಕು. ನೀವೇ ಹೇಳ್ಬೇಕು ಮೇಡಂ."

ಧೈರ್ಯ ಬಂದು ಹೇಳಿದೆ ಎಂದು ಬರೆಯಲು ಆಸೆ. ಹಾಗೇನೂ ಆಗಲಿಲ್ಲ. ಮೂಗು ಹೋಗುತ್ತದೆ ಎನ್ನುವ ಭಯ ನಾಚಿಕೆಗಿಂತ ಒಂದು ಕೈ ಮೇಲಾಯಿತು, ಅಷ್ಟೇ.

"ಹಾಕಿಸ್ಕೊಂಡಿದ್ದೀನಿ," ಎಂದೆ.

ಭುಜದ ಮೇಲಿನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇರಲಿಲ್ಲ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಕರಗಿಸುವ ಔಷಧಿಯ ಹೆಸರು ಹೈಯಲುರೊನಿಡೇಸ್. ಸಂತಾನೋತ್ಪತ್ತಿಯ ಪಾಠದಲ್ಲಿ ಈ ಎಂಜೈಮಿನ ಹೆಸರನ್ನು ನಾನೇ ಮಕ್ಕಳಿಗೆ ಅಂಡರ್‌ಲೈನ್ ಮಾಡಿಸುತ್ತಿದ್ದೆ. ನನ್ನ ಮೂಗಿಗೇ ಬೇಕಾದೀತು ಎಂದು ಎಣಿಸಿರಲಿಲ್ಲ. ಕೆನ್ನೆ, ತುಟಿ, ಮೂಗಿನ ಸುತ್ತ ಸೂಜಿಯ ಮೇಲೆ ಸೂಜಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಬಿಸಿ ಬಟ್ಟೆಯ ಶಾಖ, ಆಸ್ಪಿರಿನ್, ಆಂಟಿಬಯೋಟಿಕ್. ಕಣ್ಣಿನ ಡಾಕ್ಟರು ಬಂದು ದೃಷ್ಟಿ ನೋಡಿದರು. ಇದೇ ಜೆಲ್ ಕಣ್ಣಿನ ನಾಳಕ್ಕೆ ನುಗ್ಗಿದ್ದರೆ ದೃಷ್ಟಿಯೇ ಹೋಗುತ್ತಿತ್ತು, ಮರಳಿ ಬರುವುದು ಕಷ್ಟ ಎಂದರು. ಹಾಕಿದ್ದು ಯಾವ ಜೆಲ್ ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಫೋನಿನಲ್ಲಿ ಎಲ್ಲ ಹೇಳಿದ್ದೆ; ರೈಲಿಳಿದ ಶ್ರೀಧರ ಮನೆಗೂ ಬರದೆ ಪಾರ್ಲರಿಗೆ ಹೋದರು. ಅಲ್ಲಿ ಡಬ್ಬಿ ಬಿಸಾಡಿದ್ದೀವಿ ಎಂದರಂತೆ. ಔಷಧಿಗೆ ಅದು ಕರಗಿದಾಗಲೇ ಕರಗುವ ಜಾತಿಯದು ಎಂದು ತಿಳಿದದ್ದು. ಅದು ನನ್ನ ಪುಣ್ಯ. ಜಾಣತನವಂತೂ ಅಲ್ಲ.

ಶ್ರೀಧರ ಸ್ಟೂಲನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು ಕೂತರು.

"ನನಗೆ ಹೇಳಿದ್ರೆ ಬೇಡ ಅಂತಿದ್ನಾ?"

"ಅಂತಿದ್ರಿ."

ಯೋಚಿಸಿದರು. "ಹೌದು. ಅಂತಿದ್ದೆ. ಆದ್ರೂ ಹೇಳ್ಬೇಕಿತ್ತು."

ಮನೆಗೆ ಬಂದ ಮೇಲೆ ಅತ್ತೆ ನನಗೆ ಬೇಕಾದದ್ದನ್ನೆಲ್ಲ ಮಾಡಿದರು. ಗಂಜಿ ಆರಿಸಿ ಕೊಟ್ಟರು, ಶಾಖ ಕೊಡಲು ನೀರು ಕಾಯಿಸಿದರು, ದಿಂಬಿಗೆ ಒಗೆದ ಹಳೇ ಪಂಚೆ ಹಾಸಿದರು. ಮಾತು ಮಾತ್ರ ಇಲ್ಲ. ಬೈದಿದ್ದರೆ ಸಲೀಸಾಗಿರುತ್ತಿತ್ತು, ನಾನೂ ಎರಡು ಮಾತು ತಿರುಗಿಸಿ ಆಡಿ ಹಗುರಾಗುತ್ತಿದ್ದೆ. ಒಂದು ಮಧ್ಯಾಹ್ನ ಬಿಸಿ ಬಟ್ಟೆ ಹಿಂಡುತ್ತಾ, ನನ್ನ ಕಡೆ ನೋಡದೆ ಕೇಳಿದರು.

"ನನ್ನ ಎದುರಿಗೆ ಹೇಳೋಕಾಗಲಿಲ್ವಲ್ಲ ನಿನಗೆ. ಅಷ್ಟು ಕೆಟ್ಟವಳಾ ನಾನು?"

"ನೀವು ಕೆಟ್ಟವರು ಅಂತಲ್ಲ ಅತ್ತೆ. ನನ್ನನ್ನ ಒಳ್ಳೆಯವಳು ಅಂದ್ಕೊಂಡಿದ್ರಲ್ಲ, ಅದಕ್ಕೆ."

ಅವರು ಬಟ್ಟೆಯನ್ನು ಕೆನ್ನೆಗಿಟ್ಟರು. ಸ್ವಲ್ಪ ಜೋರಾಗಿಯೇ ಒತ್ತಿದರು ಎಂದು ನನಗನ್ನಿಸಿತು.

ಹರಕೆಯನ್ನು ಮಾತ್ರ ಬಿಡಲಿಲ್ಲ. ಬರಿಗಾಲಿನಲ್ಲಿ ಅರಳಿಕಟ್ಟೆಗೆ ಹೋಗಿ ಹಾಲೆರೆದು, ಒಪ್ಪೊತ್ತು ಉಂಡೇ ಇದ್ದರು. ಸರ್ಪಸುತ್ತೇ ಅಲ್ಲವಲ್ಲಮ್ಮ, ಯಾಕೆ ಎಂದು ಶ್ರೀಧರ ಕೇಳಿದರೆ, "ವಾಸಿಯಾಗಲಿ ಅಂತ ಹೊತ್ತಿದ್ದು. ವಾಸಿಯಾಗಿದೆಯಾ?" ಎಂದರು. ಬಾಲ್ಕನಿಯಿಂದ ನಾನು ನೋಡುತ್ತಿದ್ದೆ. ಗೋಡೆ ಹಿಡಿದು, ಗೇಟು ಹಿಡಿದು, ಬಿಸಿಲಿಗೆ ಕಾದ ರಸ್ತೆಯ ಮೇಲೆ ಹೆಜ್ಜೆ ಎತ್ತಿಡುತ್ತಿದ್ದರು. ನನ್ನ ಮುಖದ ಗಾಯ ಉರಿದದ್ದು ಒಂದು ಲೆಕ್ಕವಲ್ಲ, ಅದನ್ನು ನೋಡಿದ್ದೇ ನನಗೆ ದೊಡ್ಡ ಶಿಕ್ಷೆ. ಕಟ್ಟೆಯ ಹತ್ತಿರ ಯಾರಾದರೂ ಸೊಸೆ ಹೇಗಿದ್ದಾಳೆ ಎಂದರೆ, "ಸರ್ಪಸುತ್ತು, ಈಗ ಪರವಾಗಿಲ್ಲ," ಎನ್ನುತ್ತಿದ್ದರಂತೆ. ಹಾಲಿನವರಿಗೆ ಕೂಡ ಒಂದು ಸುಳ್ಳು ಹೇಳದ ನನ್ನ ಅತ್ತೆ, ನನ್ನ ಮಾನ ಮುಚ್ಚಲು ದೇವರ ಎದುರು ನಿಂತು ಸುಳ್ಳು ಹೇಳಿ ಬರುತ್ತಿದ್ದರು.

ಕಪ್ಪಾದ ಚರ್ಮ ಕ್ರಮೇಣ ಹಕ್ಕಳೆಯಾಗಿ ಉದುರಿತು. ಮೂಗಿನ ಹೊಳ್ಳೆಯ ಅಂಚಿನಲ್ಲಿ ಒಂದು ಸಣ್ಣ ಚೂರು ಇಲ್ಲ. ತುಟಿಯ ಮೇಲೆ ಮೆರುಗು ಹೊಡೆಯುವ ಒಂದು ಕಲೆ ಉಳಿದಿದೆ. ಇಷ್ಟಕ್ಕೇ ನಿಂತದ್ದು ದೊಡ್ಡದು ಎಂದು ಡಾಕ್ಟರು ಹೇಳುತ್ತಾರೆ, ನಾನೂ ಹಾಗೇ ಹೇಳಿಕೊಳ್ಳುತ್ತೇನೆ. ಕಾಲೇಜಿನಲ್ಲಿ ವಿಷಯ ತಿಳಿದ ಒಬ್ಬರಿಬ್ಬರು ಕಾರಿಡಾರಿನಲ್ಲಿ ನಿಲ್ಲಿಸಿ, ತಾವೂ ಮಾಡಿಸಬೇಕೆಂದಿದ್ದೇವೆ, ಏನು ನೋಡಬೇಕು ಎಂದು ಪಿಸುಗುಟ್ಟಿ ಕೇಳುತ್ತಾರೆ. ಬೇಡವೇ ಬೇಡ ಎಂದು ಹೇಳುವ ಅಧಿಕಾರ ನನಗಿಲ್ಲ. ಸೂಜಿ ಹಿಡಿಯುವವರು ಚರ್ಮದ ಡಾಕ್ಟರೋ ಪ್ಲಾಸ್ಟಿಕ್ ಸರ್ಜನ್ನೋ ಎಂದು ಬಾಯಿಬಿಟ್ಟು ಕೇಳಿ. ಕರಗಿಸುವ ಔಷಧಿಯನ್ನು ಅದೇ ಕೋಣೆಯಲ್ಲಿ ಕಣ್ಣಾರೆ ನೋಡಿ. ಡಬ್ಬಿಯ ಮೇಲಿನ ಸ್ಟಿಕ್ಕರ್ ಇಸಿದುಕೊಂಡು ಬನ್ನಿ. ನೀವು ದಿನಾ ನುಂಗುವ ಮಾತ್ರೆಗಳನ್ನೆಲ್ಲ ಅವರಿಗೆ ಮೊದಲೇ ಹೇಳಿ. ಚರ್ಮ ಬಿಳಿಚಿದರೆ, ನೋವು ಏರುತ್ತಲೇ ಹೋದರೆ, ಕಣ್ಣು ಮಂಜಾದರೆ ಬೆಳಗಾಗಲಿ ಎಂದು ಕಾಯಬೇಡಿ. ಇಷ್ಟು ಹೇಳಿ ಕೊನೆಗೆ ಇನ್ನೊಂದು ಸೇರಿಸುತ್ತೇನೆ: ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ಯಾರಿಗೂ ಹೇಳಲಾರೆ ಅನ್ನಿಸಿದರೆ, ಹೋಗುವ ಮೊದಲು ಅದರ ಬಗ್ಗೆಯೇ ಸ್ವಲ್ಪ ಯೋಚಿಸಿ.

ಹೇಳುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಗಾಯ ಮಾಯುವ ಹೊತ್ತಿಗೆ ಒಂದು ಭಾನುವಾರ ಎದುರುಮನೆಯ ಲಲಿತಮ್ಮ ಬಂದರು. ಅತ್ತೆಗಿಂತ ಸ್ವಲ್ಪ ಚಿಕ್ಕವರು. ತಲೆಗೆ ಸೆರಗು ಹೊದ್ದಿದ್ದರು. ಸೆರಗು ಸರಿಸಿದಾಗ ಹಣೆಯ ಬಲಗಡೆ, ಹುಬ್ಬಿನವರೆಗೆ ಗುಳ್ಳೆಗಳ ಗೊಂಚಲು. ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು.

"ನಿಮ್ಮ ಕೆಮ್ಮಣ್ಣು ಸ್ವಲ್ಪ ಕೊಡಿ. ನಮ್ಮ ಸೊಸೆ ಡಾಕ್ಟರ ಹತ್ರ ಹೋಗೋಣ ಅಂತ ಕೂತಿದ್ದಾಳೆ. ನಾನೇ ಬೇಡ ಅಂದೆ. ವಸುಧಾಗೆ ನೀವು ಹಚ್ಚಿ, ನಾಗಪ್ಪನಿಗೆ ಹಾಲೆರೆದೇ ವಾಸಿಯಾಯ್ತಲ್ಲ."

ಅತ್ತೆ ನನ್ನ ಕಡೆ ನೋಡಿದರು. ನನ್ನ ಸುಳ್ಳನ್ನು ಅವರು ಇಷ್ಟು ದಿನ ಹೊತ್ತು ತಿರುಗಿದ್ದರು. ಇನ್ನೂ ಹೊರಬೇಕೆಂದರೆ ಇನ್ನೊಬ್ಬರ ಕಣ್ಣು ಹೋಗುವ ಹಾಗಿತ್ತು.

"ಲಲಿತಮ್ಮ, ನನಗೆ ಬಂದಿದ್ದು ಸರ್ಪಸುತ್ತಲ್ಲ," ಎಂದೆ.

"ಮತ್ತೆ?"

"ಸುಕ್ಕು ಕಾಣಬಾರದು ಅಂತ ಪಾರ್ಲರಲ್ಲಿ ಇಂಜೆಕ್ಷನ್ ಹಾಕಿಸ್ಕೊಂಡಿದ್ದೆ. ಅದು ಎಡವಟ್ಟಾಯ್ತು. ಅತ್ತೆ ಹತ್ರ ಮುಚ್ಚಿಟ್ಟು, ಪಾಪ ಅವರ ಕೈಲಿ ಮಣ್ಣು ಹಚ್ಚಿಸ್ಕೊಂಡೆ. ವಾಸಿ ಮಾಡಿದ್ದು ಆಸ್ಪತ್ರೆ. ನಿಮ್ಮದು ನಿಜವಾದ ಸರ್ಪಸುತ್ತು ಇರೋ ಹಾಗಿದೆ, ಕಣ್ಣಿನ ಹತ್ರ ಬಂದಿದೆ. ಈಗ್ಲೇ ಹೋಗೋಣ."

ಲಲಿತಮ್ಮ ಊದದಿದ್ದ ಕಣ್ಣಿನಿಂದ ನನ್ನ ಮೂಗನ್ನು ನೋಡಿದರು. ತುಟಿ ನೋಡಿದರು. ನಮ್ಮ ರಸ್ತೆಯಲ್ಲಿ ಯಾವ ಸುದ್ದಿಯೂ ಲಲಿತಮ್ಮನ ಹತ್ತಿರ ಬಹಳ ಹೊತ್ತು ಕೂತಿರುವುದಿಲ್ಲ. ಅದು ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

"ನೀನೂ ಜೊತೆಗೆ ಹೋಗು," ಎಂದರು ಅತ್ತೆ ನನಗೆ. "ಆಟೋ ಬೇಡ, ಶ್ರೀಧರ ಕಾರು ತೆಗೀತಾನೆ." ಎಷ್ಟೋ ದಿನದ ಮೇಲೆ ಅವರ ದನಿ ಮೊದಲಿನ ಹಾಗೆ ಕೇಳಿಸಿತು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿರುವುದು ಬನಶಂಕರಿಯ ನಮ್ಮ ಡಾಕ್ಟರದ್ದೇ. ಅವತ್ತಿನ ನಂತರ ನಾನು ಅವರಿಗೆ ಮುಖ ತೋರಿಸಿರಲಿಲ್ಲ. ಲಲಿತಮ್ಮ, ಅವರ ಸೊಸೆ, ನಾನು ಮೂವರೂ ಒಳಗೆ ಹೋದೆವು. ಡಾಕ್ಟರ ಕಣ್ಣು ನನ್ನ ಕಲೆಯ ಮೇಲೆ ನಿಂತಿತು.

"ಅವತ್ತು ನಿಮಗೆ ಸುಳ್ಳು ಹೇಳಿದ್ದೆ ಡಾಕ್ಟ್ರೇ. ಇಂಜೆಕ್ಷನ್ ಹಾಕಿಸ್ಕೊಂಡಿದ್ದೆ," ಎಂದೆ.

ಅವರು ತಲೆಯಾಡಿಸಿದರು. "ಮೂಗು ಉಳೀತಲ್ಲ, ಸಾಕು," ಎಂದು ಲಲಿತಮ್ಮನ ಕಡೆ ಕುರ್ಚಿ ತಿರುಗಿಸಿಕೊಂಡರು. ಹಣೆ ನೋಡಿದರು. ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಇವತ್ತೇ ಕಣ್ಣಿನ ಆಸ್ಪತ್ರೆಗೂ ಹೋಗಬೇಕು, ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದರು. ಲಲಿತಮ್ಮ ಶುಗರ್‌ಗೆ ತೋರಿಸುವುದೂ ಇವರಿಗೇ. ಆಮೇಲೆ ಕೇಳಿದರು, "ಶುಗರ್ ಮಾತ್ರೆ ಸರಿಯಾಗಿ ತಗೋತಿದ್ದೀರಾ? ಬೇರೆ ಯಾವುದಾದ್ರೂ ಔಷಧಿ?"

ಲಲಿತಮ್ಮ ಮೊದಲು ಸೊಸೆಯನ್ನು ನೋಡಿದರು. ಆಮೇಲೆ ನನ್ನನ್ನು. ಆಮೇಲೆ ತೊಡೆಯ ಮೇಲಿದ್ದ ಪರ್ಸಿನ ಜಿಪ್ಪನ್ನು ಎಳೆಯುತ್ತಾ, "ತಗೋತೀನಿ ಡಾಕ್ಟ್ರೇ, ತಗೋತೀನಿ," ಎಂದರು.

ನಾನು ಎದ್ದೆ. ಸೊಸೆಯ ಕೈ ಹಿಡಿದು ಅವಳನ್ನೂ ಎಬ್ಬಿಸಿದೆ. ಹೊರಗೆ ಬಂದು ಬಾಗಿಲನ್ನು ಪೂರ್ತಿ ಎಳೆದುಕೊಂಡೆ. "ಯಾಕೆ ಆಂಟಿ?" ಎಂದು ಅವಳು ಕೇಳಿದಳು. ಕೂತ್ಕೋಮ್ಮ, ಕರೀತಾರೆ ಎಂದೆ. ಒಳಗೆ ಲಲಿತಮ್ಮ ಏನೋ ಹೇಳತೊಡಗಿದ್ದರು. ಏನೆಂದು ನಮಗೆ ಕೇಳಿಸಲಿಲ್ಲ.